ಕಂಟ್ರೋಲರ್ ಶಮಶೇರಸಾಬರ ರಿಕವರಿ

ರಾಣೆಬೆನ್ನೂರು ಬಸ್ ನಿಲ್ದಾಣದ ಕಂಟ್ರೋಲರ್ ಶಮಶೇರಸಾಬರಿಗೆ ಜೀವನದಲ್ಲಿ ದೊಡ್ಡ ಆಸೆಗಳೇನೂ ಇರಲಿಲ್ಲ. ತಾವು ಸೀಟಿ ಊದಿದ ಕ್ಷಣಕ್ಕೆ ಏನಾದರೊಂದು ಹೊರಡಬೇಕು, ಅಷ್ಟೇ. ಹನ್ನೊಂದು ವರ್ಷ ಕಂಟ್ರೋಲ್ ಕೋಣೆಯ ಕಿಂಡಿಯ ಹಿಂದೆ ಕೂತರೂ ಅದು ಕೈಗೂಡಿರಲಿಲ್ಲ. ಅವರು ಸೀಟಿ ಊದುವ ಹೊತ್ತಿಗೆ ಡ್ರೈವರ್ ಚಹಾದಂಗಡಿಯಲ್ಲಿರುತ್ತಿದ್ದ, ಕಂಡಕ್ಟರ್ ಚಿಲ್ಲರೆ ಹುಡುಕಿಕೊಂಡು ಹೋಗಿರುತ್ತಿದ್ದ. ಇಬ್ಬರೂ ಇದ್ದರೆ ಯಾರದೋ ಮನೆಯ ಮುದುಕಿಯೊಬ್ಬಳು ಇನ್ನೂ ದಾರಿಯಲ್ಲಿರುತ್ತಿದ್ದಳು, ಮತ್ತು ಅವಳು ಬರುವವರೆಗೆ ನಿಲ್ಲಲು ಇಡೀ ಬಸ್ಸೇ ಒಪ್ಪಿರುತ್ತಿತ್ತು. ಶಮಶೇರಸಾಬರು ರಿಜಿಸ್ಟರಿನಲ್ಲಿ ಹೊರಟ ವೇಳೆಯನ್ನು ನಿಮಿಷ ತಪ್ಪದೆ ಬರೆಯುತ್ತಿದ್ದರು. ಅದನ್ನು ಓದುವವರು ಯಾರೂ ಇಲ್ಲವೆಂದು ಗೊತ್ತಿದ್ದರೂ ಬರೆಯುತ್ತಿದ್ದರು.

೧೯೯೨ರಲ್ಲಿ, ಮಳೆಗಾಲ ಮುಗಿದ ಮೇಲೆ, ಬೆಂಗಳೂರಿನಿಂದ ಬಂದ ಬಸ್ಸಿನ ಸೀಟಿನ ಮೇಲೆ ಯಾರೋ ಒಂದು ಇಂಗ್ಲಿಷ್ ಕ್ರೀಡಾ ಮಾಸಿಕ ಬಿಟ್ಟುಹೋಗಿದ್ದರು. ವಾರಸುದಾರರಿಲ್ಲದ ಸಾಮಾನನ್ನು ಒಂದು ತಿಂಗಳು ಇಟ್ಟುಕೊಳ್ಳಬೇಕೆಂಬುದು ಸಾಬರು ತಾವೇ ಮಾಡಿಕೊಂಡಿದ್ದ ನಿಯಮ. ಒಂದು ಛತ್ರಿ, ಎರಡು ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ಜೊತೆಗೆ ಅದೂ ಮೂಲೆಯಲ್ಲಿ ಬಿದ್ದಿತ್ತು. ತಿಂಗಳು ತುಂಬಿದ ದಿನ ಮನೆಗೆ ಒಯ್ದರು. ನಡುವಿನ ನಾಲ್ಕು ಪುಟಗಳಲ್ಲಿ ಮೈಯೆಲ್ಲ ಕೆಸರಾದ ಬಿಳಿಯ ತರುಣರು ದಪ್ಪ ಟೈರಿನ ಸೈಕಲ್ಲುಗಳ ಮೇಲೆ ಗುಡ್ಡ ಹತ್ತುತ್ತಿದ್ದರು. ಅವರಿಗೆ ತಾಲೀಮು ಕೊಡುವುದು ಹೇಗೆ ಎಂಬುದರ ಮೇಲೆ ಒಂದು ಲೇಖನ.

ಶಮಶೇರಸಾಬರು ಮ್ಯಾಟ್ರಿಕ್ಕಿನಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತು ಎರಡು ಸಲವೂ ಬಿದ್ದವರು. ಆದರೆ ಕಂಟ್ರೋಲರ್ ಆಗುವ ಮೊದಲು ಹದಿನಾರು ವರ್ಷ ಕಂಡಕ್ಟರಿಕೆ ಮಾಡಿದ್ದರು, ಆ ಕೆಲಸ ಅವರಿಗೆ ತನ್ನದೇ ಒಂದು ಇಂಗ್ಲಿಷ್ ಕಲಿಸಿತ್ತು: ಫುಲ್, ಶಾರ್ಟ್, ಲೇಟ್, ಬ್ರೇಕ್, ಲೋಡ್, ರಿಕವರಿ. ಈ ಲೇಖನದ ತುಂಬ ಅವೇ ಮಾತುಗಳು. ಯಾರೋ ತಮಗಾಗಿಯೇ ಬರೆದಂತಿದೆ ಅನ್ನಿಸಿತು. ಗೊತ್ತಿಲ್ಲದ ಮಾತುಗಳಿಗೆ ಮಗಳ ಶಾಲೆಯ ಹಳೆಯ ಡಿಕ್ಷನರಿ ತೆಗೆದು ನೋಡಿದರು. ಗೊತ್ತಿದ್ದ ಮಾತುಗಳಿಗೆ ಯಾರಾದರೂ ಡಿಕ್ಷನರಿ ನೋಡುತ್ತಾರೆಯೇ?

ಎಂಟು ಸಂಜೆ ಕೂತು ಅವರು ಬಿಡಿಸಿಕೊಂಡ ಅರ್ಥ ಇಷ್ಟು. ಸವಾರನು ಏರಿನ ಮೇಲೆ ನಲವತ್ತು ಸೆಕೆಂಡು ಜೀವ ಬಿಟ್ಟು ತುಳಿಯಬೇಕು. ಆಮೇಲೆ ರಿಕವರಿ. ಮತ್ತೆ ನಲವತ್ತು ಸೆಕೆಂಡು, ಮತ್ತೆ ರಿಕವರಿ. ಹೀಗೆ ಎಂಟು ಸಲ, ವಾರಕ್ಕೆ ಮೂರು ದಿನ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತಿತ್ತು: ರಿಕವರಿಯೇ ಈ ಪದ್ಧತಿಯ ಜೀವಾಳ, ಹೆಚ್ಚಿನ ತರಬೇತುದಾರರು ಇದರಲ್ಲಿಯೇ ಕೈ ಬಿಗಿ ಹಿಡಿದು ಕೆಡುತ್ತಾರೆ.

ರಿಕವರಿ ಎಂದರೇನು ಎಂದು ಡಿಪೊದಲ್ಲಿ ಯಾವ ಕಂಡಕ್ಟರನನ್ನು ಕೇಳಿದರೂ ಹೇಳುತ್ತಿದ್ದ. ಹರಿದ ಟಿಕೆಟ್ಟಿಗೂ ಚೀಲದ ರೊಕ್ಕಕ್ಕೂ ತಾಳೆಯಾಗದಿದ್ದರೆ, ಕಮ್ಮಿ ಬಿದ್ದದ್ದನ್ನು ಪಗಾರದಲ್ಲಿ ಮುರಿದುಕೊಳ್ಳುವುದು ರಿಕವರಿ. ಬಸ್ಸಿನ ಟಾಪಿನ ಮೇಲೆ ಯಾರೋ ಟಿಕೆಟ್ಟಿಲ್ಲದೆ ಕದ್ದು ಕಟ್ಟಿದ ಒಂದು ಆಡಿನ ಸಲುವಾಗಿ ಶಮಶೇರಸಾಬರಿಗೇ ಒಮ್ಮೆ ರಿಕವರಿ ಬಿದ್ದಿತ್ತು. ಹಾಗಾಗಿ ಲೇಖನದ ಅಭಿಪ್ರಾಯ ಅವರಿಗೆ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಸವಾರ ಎಷ್ಟು ಕಮ್ಮಿ ಬಿದ್ದನೋ ಅಷ್ಟನ್ನು ಅವನಿಂದಲೇ ವಸೂಲು ಮಾಡಬೇಕು. ಸಡಿಲ ಬಿಟ್ಟರೆ ಕೆಟ್ಟಿತು. ಪರದೇಶದವರೂ ಕೊನೆಗೆ ಇದೇ ತೀರ್ಮಾನಕ್ಕೆ ಬಂದರಲ್ಲ ಎಂದು ಅವರಿಗೆ ಬಹಳ ಸಮಾಧಾನವಾಯಿತು.

ಅದೇ ವಾರ ಯಾರೋ ಅಪ್ಪಣೆ ಕೇಳದೆ ಕಂಟ್ರೋಲ್ ಕೋಣೆಯ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದರು. ಕಿತ್ತೊಗೆಯಲು ಎದ್ದ ಸಾಬರು ಓದುತ್ತ ನಿಂತರು. ಹಾವೇರಿಯ ಒಂದು ಯುವಕ ಸಂಘ ಮಾರ್ಚ್ ತಿಂಗಳಲ್ಲಿ ಗುಡ್ಡಗಾಡು ಸೈಕಲ್ ಸ್ಪರ್ಧೆ ಇಟ್ಟಿತ್ತು. ಹಾವೇರಿಯಿಂದ ಕರ್ಜಗಿಯ ಕಡೆ ಚಕ್ಕಡಿದಾರಿ ಹಿಡಿದು, ಒಂದು ಹಳ್ಳ ದಾಟಿ, ಮೂರು ಏರು ಹತ್ತಿ ಇಳಿದು ಹಿಂದಿರುಗಬೇಕು. ಹದಿನೆಂಟು ಕಿಲೋಮೀಟರು.

ಸವಾರನನ್ನು ಹುಡುಕುವ ತ್ರಾಸೇ ಬೀಳಲಿಲ್ಲ. ಮೇಡ್ಲೇರಿಯ ಹೊಳಿಯಪ್ಪ ಎಂಬ ಇಪ್ಪತ್ತಮೂರರ ತರುಣ ದಿನಾಲು ಬೆಳಿಗ್ಗೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ನಿಲ್ದಾಣದ ಎದುರಿನ ಹೋಟೆಲಿಗೆ ಬರುತ್ತಿದ್ದ. ಹೊಳೆಸಾಲಿನ ಕೆಸರಿನಲ್ಲಿ ತೆಳ್ಳನೆಯ ಗಾಲಿಗಳು ಹೂತುಹೋಗುತ್ತವೆಂದು ಆ ವರ್ಷ ದಪ್ಪ ಟೈರಿನ, ನೆಟ್ಟನೆಯ ಹ್ಯಾಂಡಲಿನ ಹೊಸ ಸೈಕಲ್ ಕೊಂಡಿದ್ದ, ಊರವರು ಅದಕ್ಕೆ ಟ್ರ್ಯಾಕ್ಟರ್ ಎಂದು ಹೆಸರಿಟ್ಟಿದ್ದರು. ಸಾಬರ ಕಣ್ಣಿಗೆ ಬಿದ್ದದ್ದು ಸೈಕಲ್ಲಲ್ಲ. ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವನ ಸೈಕಲ್ಲಿನ ಗಂಟೆ ಕೇಳುತ್ತಿತ್ತು, ಮಳೆ ಇರಲಿ ಚಳಿ ಇರಲಿ. ಆ ನಿಲ್ದಾಣಕ್ಕೆ ವೇಳೆಗೆ ಸರಿಯಾಗಿ ಬರುತ್ತಿದ್ದುದು ಅವನೊಬ್ಬನೇ. ಕರೆದು ವಿಷಯ ಹೇಳಿದಾಗ ಹೊಳಿಯಪ್ಪ ಬಹಳ ಹೊತ್ತು ವಿಚಾರ ಮಾಡಿ, ಕ್ಯಾನು ಕಟ್ಟಿಕೊಂಡು ಓಡಿಸಬೇಕೋ ಬಿಚ್ಚಿಟ್ಟು ಓಡಿಸಬೇಕೋ ಎಂದು ಕೇಳಿದ. ಬಿಚ್ಚಿಟ್ಟು ಎಂದಾಗ ಹಾಗಾದರೆ ಆಗಬಹುದು ಎಂದ.

ಹತ್ತಿರದ ದೇವರಗುಡ್ಡ ಎಂಬ ಊರಿನ ಗುಡ್ಡದ ಹಿಂಬದಿಗೆ ಒಂದು ಕಲ್ಲುದಾರಿ ಇತ್ತು. ವಾರಕ್ಕೆ ಮೂರು ದಿನ ಹೊಳಿಯಪ್ಪ ಹಾಲು ಹಾಕಿ ಅಲ್ಲಿಗೆ ಬರುತ್ತಿದ್ದ. ಶಮಶೇರಸಾಬರು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡು ಬೆಳಗಿನ ಬಸ್ಸಿಗೆ ಬಂದು ಕೆಳಗೆ ನಿಲ್ಲುತ್ತಿದ್ದರು. ಏರಿನ ಮೇಲೆ ಒಂದು ಬಂಡೆಗೆ ಸುಣ್ಣ ಬಳಿದು ಗುರುತು ಮಾಡಿದ್ದರು. ಸೀಟಿ ಊದಿದೊಡನೆ ಹೊರಡಬೇಕು, ನಲವತ್ತು ಸೆಕೆಂಡಿಗೆ ಬಂಡೆ ಮುಟ್ಟಬೇಕು. ಮೊದಲ ದಿನ ಸೀಟಿ ಊದಿದಾಗ ಹೊಳಿಯಪ್ಪ ಅದೇ ಕ್ಷಣಕ್ಕೆ ಹೊರಟದ್ದನ್ನು ನೋಡುತ್ತ ಸಾಬರು ಸೀಟಿಯನ್ನು ಬಾಯಿಂದ ತೆಗೆಯದೆ ನಿಂತುಬಿಟ್ಟರು. ಗಡಿಯಾರ ನೋಡುವುದನ್ನೇ ಮರೆತು, ಆ ಒಂದು ಟ್ರಿಪ್ಪನ್ನು ಲೆಕ್ಕದಿಂದ ಬಿಡಬೇಕಾಯಿತು.

ಉಳಿದದ್ದೆಲ್ಲ ಟ್ರಿಪ್ ಶೀಟಿನಲ್ಲಿ ದಾಖಲಾಗುತ್ತಿತ್ತು. ಹೊರಟ ವೇಳೆ, ಮುಟ್ಟಿದ ವೇಳೆ, ತಡ. ಎರಡು ಸೆಕೆಂಡು ತಡವಾದರೆ ಒಂದು ಏರು ರಿಕವರಿ. ಎಂಟು ಏರು ಮುಗಿದ ಮೇಲೆ, ಏದುಸಿರಿನ ಹೊಳಿಯಪ್ಪ ಕೂಡಲಿಕ್ಕೆ ಒಂದು ಕಲ್ಲು ನೋಡುವ ಹೊತ್ತಿಗೆ, ಸಾಬರು ಕೂಡಿಸಿ ಹೇಳುತ್ತಿದ್ದರು: ಈ ದಿನ ಹನ್ನೊಂದು. ಅವನು ಮತ್ತೆ ಹತ್ತುತ್ತಿದ್ದ.

ಮೊದಮೊದಲು ಫಲ ಸಿಕ್ಕಿತು. ಒಂದೂವರೆ ತಿಂಗಳಲ್ಲಿ ಹೊಳಿಯಪ್ಪ ನಲವತ್ತಕ್ಕೆ ಬಂಡೆ ಮುಟ್ಟಿದ. ಸಾಬರು ಸುಣ್ಣದ ಗುರುತನ್ನು ಮೇಲಿನ ಬಂಡೆಗೆ ಸರಿಸಿದರು. ಅಲ್ಲಿಂದ ಇಳಿಗತಿ ಶುರುವಾಯಿತು. ತುಳಿದಷ್ಟೂ ತಡ, ತಡವಾದಷ್ಟೂ ರಿಕವರಿ, ರಿಕವರಿ ಹೆಚ್ಚಿದಷ್ಟೂ ಮುಂದಿನ ಸಲ ಇನ್ನಷ್ಟು ತಡ. ಒಂದೇ ದಿನ ತೀರಿಸಲಾಗದ ಏರುಗಳು ಬಾಕಿ ನಿಲ್ಲತೊಡಗಿದವು. ಹೊಳಿಯಪ್ಪನ ಗಲ್ಲ ಇಳಿದವು. ಆರು ಇಪ್ಪತ್ತರ ಗಂಟೆ ಆರೂವರೆಗೆ, ಆರು ನಲವತ್ತಕ್ಕೆ ಕೇಳಿಸತೊಡಗಿತು. ಲೇಖನದ ದಪ್ಪ ಅಕ್ಷರಗಳನ್ನು ಸಾಬರು ಮತ್ತೆ ತೆಗೆದು ಓದಿದರು. ಕೈ ಬಿಗಿ ಹಿಡಿದರೆ ಕೆಟ್ಟಿತು ಎಂದೇ ಅಲ್ಲಿತ್ತು. ತಮ್ಮ ಮೆತ್ತನೆಯ ಸ್ವಭಾವವೇ ಇದಕ್ಕೆ ಕಾರಣವೆಂದು ಅವರಿಗೆ ಅನುಮಾನವಾಯಿತು.

ಫೆಬ್ರುವರಿಯಲ್ಲಿ ಒಂದು ದಿನ ಹೊಳಿಯಪ್ಪನ ತಾಯಿ ಹೊಳಿಯವ್ವ ಕಂಟ್ರೋಲ್ ಕೋಣೆಗೇ ಬಂದಳು.

“ಏನ ಮಾಡೀರಿ ಸಾಹೇಬ್ರ ನನ್ನ ಮಗಗ? ಕೈಯಾಗ ರೊಟ್ಟಿ ಹಿಡಕೊಂಡು ನಿದ್ದಿ ಹೊಡೀತಾನ.”

ಶಮಶೇರಸಾಬರು ಅವಳನ್ನು ಬೆಂಚಿನ ಮೇಲೆ ಕೂಡಿಸಿ, ಚಹಾ ತರಿಸಿ, ಮಾಸಿಕದ ಪುಟ ತೆರೆದು ಮೊದಲು ಇಂಗ್ಲಿಷಿನಲ್ಲೂ ಆಮೇಲೆ ಕನ್ನಡದಲ್ಲೂ ಓದಿ ಹೇಳಿದರು. ಹೊಳಿಯವ್ವ ಚಹಾ ಕುಡಿದು, ಕೆಸರು ಮೆತ್ತಿದ ಬಿಳಿಯ ತರುಣರ ಚಿತ್ರ ನೋಡಿ, ಇವರ ತಾಯಂದಿರು ಯಾರೂ ಬಂದು ಕೇಳಲಿಲ್ಲವೇನು ಎಂದಳು. ಆ ಬಗ್ಗೆ ಲೇಖನದಲ್ಲಿ ಏನೂ ಇರಲಿಲ್ಲ.

ಸ್ಪರ್ಧೆಗೆ ಹತ್ತು ದಿನ ಉಳಿದಾಗ ಸಾಬರ ಹೆಂಡತಿ ಅಕ್ಬರಬಿಗೆ ಹೊಟ್ಟೆನೋವು ತಾಳಲಾರದಷ್ಟಾಯಿತು. ದಾವಣಗೆರೆಯ ಆಸ್ಪತ್ರೆಗೆ ಒಯ್ದರು. ಪಿತ್ತಕೋಶದಲ್ಲಿ ಕಲ್ಲು, ಕೂಡಲೇ ಆಪರೇಷನ್ ಎಂದರು. ಹೊಳಿಯಪ್ಪನಿಗೆ ಏನೂ ಹೇಳಲು ಸಮಯವಿರಲಿಲ್ಲ. ಆ ದಿನದ ಶೀಟಿನ ಪ್ರಕಾರ ಅವನ ಮೇಲೆ ನಲವತ್ತಮೂರು ಏರು ಬಾಕಿ ಇತ್ತು, ಅದರ ಪ್ರತಿ ಅವನ ಹತ್ತಿರವೂ ಇತ್ತು.

ಆಪರೇಷನ್ ಮುಗಿದ ಮರುದಿನ ನರ್ಸ್ ಶಾರದವ್ವ ಅಕ್ಬರಬಿಯ ನಾಡಿ ನೋಡಿ, ಎಲ್ಲ ಚಲೋ ಆಗಿದೆ, ಇನ್ನು ಎಂಟು ದಿನ ಬರೀ ರಿಕವರಿ ಎಂದಳು. ಶಮಶೇರಸಾಬರು ಎದ್ದುನಿಂತರು. ಕಟ್ಟಬೇಕಾದದ್ದನ್ನೆಲ್ಲ ಕಟ್ಟಿ ರಸೀದಿ ಇಟ್ಟುಕೊಂಡಿದ್ದರು.

“ರಿಕವರಿ ಯಾರ ಮ್ಯಾಲ್ರಿ?” ಎಂದು ಕೇಳಿದರು.

ಹೆಂಡತಿಯ ಚಿಂತೆಯಲ್ಲಿ ಈ ಮನುಷ್ಯನಿಗೆ ಮಾತು ತಪ್ಪುತ್ತಿದೆ ಎಂದುಕೊಂಡ ಶಾರದವ್ವ ಸಮಾಧಾನದಿಂದ ಹೇಳಿದಳು: “ಇವರದಾ ರಿಕವರಿ ಅಲ್ಲೇನ್ರಿ. ಅಂದ್ರ ಉಣ್ಣೂದು, ಮಲಗೂದು. ಮೈ ದಣದಿರತೈತಿ, ಸುಮ್ಮನ ಬಿಟ್ರ ತಾನಾ ಕೂಡಿಕೊಂಡು ಮೊದಲಿಗಿಂತ ಗಟ್ಟಿ ಆಗತೈತಿ. ನಡುವ ಎಬ್ಬಿಸಿ ಕೆಲಸಕ್ಕ ಹಚ್ಚಬ್ಯಾಡ್ರಿ ಮತ್ತ.”

ಸಾಬರು ವರಾಂಡದ ಬೆಂಚಿನ ಮೇಲೆ ಹೋಗಿ ಕೂತರು. ಲೇಖನ ಅವರಿಗೆ ಬಾಯಿಪಾಠವಾಗಿತ್ತು. ಒಂದೊಂದೇ ಸಾಲನ್ನು ಮನಸ್ಸಿನಲ್ಲಿ ತಿರುವಿ ನೋಡಿದರು. ಪ್ರತಿ ಸಾಲೂ ಈಗ ಬೇರೆಯೇ ಮಾತಾಡಿತು. ಏರಿದ ಮೇಲೆ ಸುಧಾರಿಸಿಕೊಳ್ಳಲು ಬಿಡಿ. ಪೂರ್ತಿ ಸುಧಾರಿಸಿಕೊಳ್ಳಲು ಬಿಡಿ. ಹೆಚ್ಚಿನ ತರಬೇತುದಾರರು ಸುಧಾರಿಸಿಕೊಳ್ಳಲು ಬಿಡದೆಯೇ ಕೆಡಿಸುತ್ತಾರೆ. ಪರದೇಶದ ಆ ಲೇಖಕ, ಯಾರೆಂದು ತಿಳಿಯದೆ, ತಮ್ಮನ್ನೇ ಕುರಿತು ಬರೆದಿದ್ದನೆಂದು ಅವರಿಗೆ ಎರಡನೆಯ ಸಲ ಅನ್ನಿಸಿತು.

ಸುದ್ದಿ ಮುಟ್ಟಿಸುವುದು ಕಷ್ಟವಿರಲಿಲ್ಲ. ರಾಣೆಬೆನ್ನೂರಿನ ಬಸ್ಸುಗಳೆಲ್ಲ ಅವರವೇ. ದಾವಣಗೆರೆ ಬಸ್ಸಿನ ಡ್ರೈವರ್ ಹನುಮಪ್ಪನ ಕೈಯಲ್ಲಿ ಕೊಟ್ಟರೆ ಅವನು ಮೇಡ್ಲೇರಿ ಬಸ್ಸಿನವರಿಗೆ ಕೊಡುತ್ತಾನೆ. ಚೀಟಿ ಬರೆಯಲು ಕೂತರು. ‘ವಿಶ್ರಾಂತಿ ತಗೋ’ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದರು. ಐದು ತಿಂಗಳಲ್ಲಿ ಒಮ್ಮೆಯೂ ಆಡದ ಮಾತು ಅದು. ಈಗ ಬರೆದರೆ, ಇಷ್ಟು ದಿನ ಮಾಡಿಸಿದ್ದು ಏನು ಎಂದು ಕೇಳುತ್ತಾನೆ. ಸ್ಪರ್ಧೆ ಎದುರಿಗಿಟ್ಟುಕೊಂಡು ಶಿಷ್ಯನ ನಂಬಿಕೆ ಕೆಡಿಸುವುದು ಸರಿಯಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅದೂ ಅಲ್ಲದೆ, ರಿಕವರಿ ಎಂಬುದೇ ಸರಿಯಾದ ಶಬ್ದವಲ್ಲವೇ? ಆಸ್ಪತ್ರೆಯವರೇ ಹೇಳಿದ್ದಾರೆ. ಹೀಗೆ ಬರೆದರು: ಸ್ಪರ್ಧೆಯ ದಿನದವರೆಗೆ ಬೇರೇನೂ ಬೇಡ. ಬರೀ ರಿಕವರಿ. ಪೂರ್ತಿ ಮಾಡು.

ಚೀಟಿ ಹೋದ ಮೇಲೆ ಅವರಿಗೆ ಎದೆ ಹಗುರಾಯಿತು. ಎರಡು ದಿನ ಬಿಟ್ಟು ಆ ಮಾತು ಹೊಳಿಯಪ್ಪನಿಗೆ ಹೇಗೆ ಕೇಳಿಸೀತು ಎಂಬುದು ಹೊಳೆಯಿತು. ಇನ್ನೊಂದು ಚೀಟಿ ಬರೆಯಬಹುದಿತ್ತು. ಅದರಲ್ಲಿ ಏನೆಂದು ಬರೆಯಬೇಕು ಎಂಬಲ್ಲಿಗೆ ಬಂದು ಪ್ರತಿಸಲ ನಿಂತರು.

ಸ್ಪರ್ಧೆಯ ದಿನ ಅಕ್ಬರಬಿಯನ್ನು ಆಕೆಯ ತಂಗಿಯ ಹತ್ತಿರ ಬಿಟ್ಟು ದಾವಣಗೆರೆಯಿಂದ ನೇರ ಹಾವೇರಿಗೆ ಹೊರಟರು. ಬಸ್ಸು ಇಪ್ಪತ್ತು ನಿಮಿಷ ತಡ. ಸವಾರರು ಹೊರಟುಹೋಗಿದ್ದರು. ಸಾಬರು ಕೊನೆಯ ಏರಿನ ಬುಡಕ್ಕೆ ಹೋಗಿ ಜನರ ನಡುವೆ ನಿಂತರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗ ಕರಬಸಪ್ಪ ಹದಿನೆಂಟು ಗೇರಿನ ಸೈಕಲ್ ತಂದಿದ್ದಾನೆ, ಅವನ ಹಿಂದೆ ಜೀಪಿನಲ್ಲಿ ನೀರು, ಗ್ಲೂಕೋಸು, ಇಬ್ಬರು ಮಾವಂದಿರು ಬಂದಿದ್ದಾರೆ ಎಂದು ಅಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೇಡ್ಲೇರಿಯ ಹಾಲಿನವನ ಸುದ್ದಿ ಯಾರೂ ಎತ್ತಲಿಲ್ಲ.

ಧೂಳೆದ್ದಿತು. ಮೊದಲು ಕರಬಸಪ್ಪ ಕಂಡ. ಅವನ ಹಿಂದೆ ನಾಲ್ವರು, ಅವರ ಹಿಂದೆ ಟ್ರ್ಯಾಕ್ಟರ್. ಏರು ಶುರುವಾದದ್ದೇ ಹೊಳಿಯಪ್ಪ ಸೀಟಿನಿಂದ ಎದ್ದು ನಿಂತ. ಶಮಶೇರಸಾಬರು ಗಡಿಯಾರ ಹಿಡಿದರು. ಅವರು ಕಂಡದ್ದು ದೇವರಗುಡ್ಡದಲ್ಲಿ ಕಾಲೆಳೆಯುತ್ತಿದ್ದ ಆಳನ್ನಲ್ಲ. ಗಲ್ಲ ತುಂಬಿದ್ದವು. ಹತ್ತು ಸೆಕೆಂಡಿಗೊಬ್ಬರಂತೆ ನಾಲ್ವರನ್ನೂ ಹಿಂದೆ ಹಾಕಿ, ನೆತ್ತಿ ಮುಟ್ಟುವ ಹೊತ್ತಿಗೆ ಕರಬಸಪ್ಪನ ಹಿಂದಿನ ಗಾಲಿಗೆ ಬಂದಿದ್ದ. ಇಳಿಜಾರಿನಲ್ಲಿ ಗೇರು ಗೇರೇ. ಕರಬಸಪ್ಪ ಹತ್ತು ಮಾರು ಮುಂದೆ ಹೋಗಿ ಗೆದ್ದ. ಹೊಳಿಯಪ್ಪ ಎರಡನೆಯವನಾದ. ಸಂಜೆಯೊಳಗೆ ರಾಣೆಬೆನ್ನೂರಿನವರು ಗೇರನ್ನು ಲೆಕ್ಕದಿಂದ ಕಳೆದು ಅವನನ್ನೇ ಮೊದಲನೆಯವನನ್ನಾಗಿ ಮಾಡಿಕೊಂಡರು.

ಚೀಟಿಯನ್ನು ಸರಿಯಾಗಿಯೇ ತಿಳಿದುಕೊಂಡಿದ್ದಾನೆ, ಜಾಣ ಎಂದು ಸಾಬರಿಗೆ ಅನ್ನಿಸಿತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹಿಂದಿರುಗಿದರು, ಸೈಕಲ್ ಟಾಪಿನ ಮೇಲೆ, ಬಹುಮಾನದ ಕಪ್ ಹೊಳಿಯಪ್ಪನ ತೊಡೆಯ ಮೇಲೆ. ಅವನು ತಲೆ ತಗ್ಗಿಸಿ ಅದನ್ನೇ ತಿರುವುತ್ತ ಕೂತಿದ್ದ. ಮೋಟೆಬೆನ್ನೂರು ದಾಟಿದ ಮೇಲೆ ತಲೆ ಎತ್ತಿದ.

“ಸರ, ಒಂದು ತಪ್ಪು ಆಗೇತ್ರಿ. ನಿಮ್ಮ ಚೀಟಿ ಬಂದಿತ್ತು. ನಲವತ್ಮೂರು ಏರು ಪೂರ್ತಿ ಮಾಡು ಅಂತ ಬರದಿದ್ರಿ. ನನ್ನ ಕೈಲೆ ಆಗಲಿಲ್ರಿ. ಒಂದೂ ಮಾಡಲಿಲ್ಲ. ಹಾಲಿಗೂ ನನ್ನ ತಮ್ಮನ್ನ ಕಳಿಸಿ, ಎಂಟು ದಿನ ಬರೇ ಉಂಡು ಮಲಕೊಂಡೇನ್ರಿ. ನಿಮಗ ಮೋಸ ಮಾಡಿದೆ.”

ಇದು ಹೇಳಲಿಕ್ಕೆ ತಕ್ಕ ಕ್ಷಣ ಎಂದು ಶಮಶೇರಸಾಬರಿಗೆ ಗೊತ್ತಾಯಿತು. ನೀನು ಮಾಡಿದ್ದೇ ಸರಿ, ನಾನು ಬರೆದದ್ದೂ ಅದೇ, ಅದರ ಹಿಂದಿನ ಐದು ತಿಂಗಳು ಮಾತ್ರ ತಪ್ಪು ಎನ್ನಬೇಕಿತ್ತು. ಬಾಯಿ ತೆರೆದರು. ಎದುರಿಗೆ ಆ ಮುಖ ಅಷ್ಟೊಂದು ಪಶ್ಚಾತ್ತಾಪದಿಂದ ನೋಡುತ್ತಿತ್ತು.

“ಆಗ್ಲಿ ಬಿಡು,” ಎಂದರು. “ಇನ್ನ ಮ್ಯಾಲ ಹಂಗ ಮಾಡಬ್ಯಾಡ.”

ಹೊಳಿಯಪ್ಪನ ಕಣ್ಣು ತುಂಬಿದವು. ಓಡುವ ಬಸ್ಸಿನಲ್ಲಿ, ಸೀಟುಗಳ ನಡುವೆ, ಬಗ್ಗಿ ಅವರ ಕಾಲು ಮುಟ್ಟಿದ.

ಅಕ್ಬರಬಿ ಮನೆಗೆ ಬಂದ ಮೇಲೆ ಸಾಬರು ಎಲ್ಲವನ್ನೂ ಹೇಳಿಕೊಂಡರು. ನಕ್ಕರೆ ಹೊಲಿಗೆ ನೋಯುತ್ತವೆಂದು ಆಕೆ ದಿಂಬು ಒತ್ತಿ ಹಿಡಿದುಕೊಂಡು ನಕ್ಕರು. ಆಮೇಲೆ, ತಪ್ಪು ಮಾಡಿದವರು ಮಾಡದವರನ್ನು ಕ್ಷಮಿಸುವುದು ಯಾವ ಡಿಪೊದ ಕಾಯದೆ ಎಂದು ತಮ್ಮ ಮನೆಯ ಉರ್ದುವಿನಲ್ಲಿ ಕೇಳಿದರು. ಹೇಳುತ್ತೇನೆ ಎಂದರು ಸಾಬರು. ಯಾವಾಗ ಎಂದು ಆಕೆ ಕೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಬುಧವಾರ ನಿಲ್ದಾಣದಲ್ಲಿ ಸನ್ಮಾನ ಇಟ್ಟರು. ಶಿಸ್ತಿನ ಮೇಲೆ ಮೂವರು ಭಾಷಣ ಮಾಡಿದರು. ಸಾಬರ ಟ್ರಿಪ್ ಶೀಟುಗಳನ್ನು ಜನರಿಗೆ ಎತ್ತಿ ತೋರಿಸಲಾಯಿತು. ಹಾರ ಹಾಕಿಸಿಕೊಂಡ ಶಮಶೇರಸಾಬರು ಧೈರ್ಯ ತಂದುಕೊಂಡು ಮೈಕಿನ ಮುಂದೆ ನಿಂತರು.

“ಇದರಾಗ ನಂದೇನೂ ಇಲ್ರಿ. ಖರೇ ಹೇಳಬೇಕಂದ್ರ, ನಾ ಊರಾಗ ಇರಲಿಲ್ಲ, ಅದಕ್ಕ ಇಂವ ಗೆದ್ದ.”

ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅಧ್ಯಕ್ಷತೆ ವಹಿಸಿದ್ದವರು ಇಂಥ ವಿನಯವನ್ನು ಈ ಕಾಲದಲ್ಲಿ ಕಾಣುವುದು ಕಷ್ಟ ಎಂದರು.

ಅಲ್ಲಿಗೆ ಅದು ಮುಚ್ಚಿಹೋಗುತ್ತಿತ್ತೇನೋ. ಮರುವಾರ ದೇವರಗುಡ್ಡದ ಬಸ್ಸಿನ ಕಂಡಕ್ಟರ್ ಶಾಬುದ್ದೀನ ರಿಜಿಸ್ಟರಿನಲ್ಲಿ ಬಸ್ಸಿನ ವೇಳೆ ಬರೆಸಲು ಬಂದವನು, ನಿಮ್ಮ ಹೊಳಿಯಪ್ಪ ದಿನಾ ಗುಡ್ಡದ ಹಿಂದೆ ಒಬ್ಬನೇ ಹತ್ತಿ ಇಳಿಯುತ್ತಿದ್ದಾನೆ, ಮುಂದಿನ ಸ್ಪರ್ಧೆ ಯಾವಾಗ ಎಂದು ಕೇಳಿದ. ಶಮಶೇರಸಾಬರು ಸೀಟಿಯನ್ನು ಕೊರಳಲ್ಲಿಟ್ಟುಕೊಂಡೇ ಮರುದಿನದ ಮೊದಲ ಬಸ್ಸು ಹತ್ತಿದರು.

ಹೊಳಿಯಪ್ಪ ಟ್ರಿಪ್ ಶೀಟನ್ನು ಕಲ್ಲಿನ ಕೆಳಗೆ ಒತ್ತಿಟ್ಟು, ಒಂದೊಂದು ಏರು ಮುಗಿದಂತೆ ಗೀಟು ಹೊಡೆಯುತ್ತಿದ್ದ. ಹನ್ನೆರಡು ಗೀಟು ಬಿದ್ದಿದ್ದವು. ಸರ್ ಕ್ಷಮಿಸಿದ್ದಾರೆ ಸರಿ, ಆದರೆ ಬಾಕಿ ಬಾಕಿಯೇ ಎಂದು ಅವನು ವಿವರಿಸಿದ. ಸಾಬರಿಗೆ ಇನ್ನು ದಾರಿ ಉಳಿಯಲಿಲ್ಲ. ಏದುತ್ತಲೇ ಎಲ್ಲ ಹೇಳಿದರು, ಮಾಸಿಕ, ಡಿಪೊ, ನರ್ಸು, ನಿಲ್ಲಿಸಿದ ಪೆನ್ನು, ಬಸ್ಸಿನಲ್ಲಿ ನುಂಗಿದ ಮಾತು. ಒಂದನ್ನೂ ಬಿಡಲಿಲ್ಲ.

ಹೊಳಿಯಪ್ಪ ಕಲ್ಲಿನ ಮೇಲೆ ಕೂತ. ಶೀಟು ಎತ್ತಿಕೊಂಡು ಗೀಟುಗಳನ್ನು ಬೆರಳಿಟ್ಟು ಎಣಿಸಿದ. ಬೈಯುತ್ತಾನೆ ಎಂದು ಸಾಬರು ಕಾದರು, ಬೈದರೆ ಚಲೋ ಎಂದೂ ಕಾದರು.

“ಹಂಗಾರ ಈ ಹನ್ನೆರಡು ಯಾರ ಲೆಕ್ಕಕ್ಕ ಬೀಳ್ತಾವ್ರಿ?” ಎಂದ ಕಡೆಗೆ.

“ನನ್ನ ಲೆಕ್ಕಕ್ಕ,” ಎಂದರು ಸಾಬರು. ಅವರು ಅದನ್ನು ಒಂದು ಮಾತಿಗೆ ಹೇಳಿದ್ದರು. ಹೊಳಿಯಪ್ಪ ಎದ್ದು, ಅವರ ಕೊರಳಿನ ಸೀಟಿಯನ್ನು ಮೆಲ್ಲಗೆ ತೆಗೆದುಕೊಂಡು, ಶೀಟಿನ ಹಿಂಬದಿ ತಿರುವಿ ಅವರ ಹೆಸರು ಬರೆದ.

ಐವತ್ತಮೂರು ವರ್ಷದ ಶಮಶೇರಸಾಬರು ಆ ದಿನ ಕಾಲ್ನಡಿಗೆಯಲ್ಲಿ ಮೂರು ಏರು ಹತ್ತಿದರು. ಎರಡು ಏರಿನ ನಡುವೆ ಅರ್ಧ ತಾಸು ಹೊಳಿಯಪ್ಪ ಅವರನ್ನು ಅಲುಗಾಡಲು ಬಿಡಲಿಲ್ಲ. ಉಳಿದ ಒಂಬತ್ತನ್ನು ಮುಂದಿನ ಮೂರು ವಾರದಲ್ಲಿ ತೀರಿಸಿದರು. ಆಮೇಲೂ ಇಬ್ಬರೂ ಗುಡ್ಡಕ್ಕೆ ಹೋಗುತ್ತಲೇ ಇದ್ದರು, ಆದರೆ ಮರುವರ್ಷ ಸ್ಪರ್ಧೆಯೇ ನಡೆಯಲಿಲ್ಲ. ಸಂಘದ ಅಧ್ಯಕ್ಷನಿಗೂ ಕಾರ್ಯದರ್ಶಿಗೂ ಮಾತು ಬಿಟ್ಟಿತ್ತಂತೆ. ಹೊಳಿಯಪ್ಪ ಬೇಸರಪಡಲಿಲ್ಲ, ಇನ್ನೊಂದು ಎಮ್ಮೆ ಕಟ್ಟಿದ.

ದೇವರಗುಡ್ಡದವರಿಗೆ ಇದರ ಹಿಂದಿನ ಕತೆ ತಿಳಿಯದು. ಖಾಕಿ ಹಾಕಿದ ಸಾಬರೊಬ್ಬರು ವಾರವಾರ ಬಂದು ಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿಯುವುದನ್ನು ನೋಡಿ, ಹೆಂಡತಿಯ ಹೊಟ್ಟೆನೋವಿಗೆ ಹರಕೆ ಹೊತ್ತಿದ್ದಾರೆ, ಆಕೆಗೆ ವಾಸಿಯೂ ಆಗಿದೆ ಎಂದು ಮಾತಾಡಿಕೊಂಡರು. ಹನ್ನೆರಡನೆಯ ಏರು ತೀರಿದ ದಿನ ಅಲ್ಲಿಯ ಮುದುಕಿ ಚೌಡವ್ವ ದಾರಿಗೆ ಅಡ್ಡ ನಿಂತು ಗುಡಿಯ ಅರಿಸಿನ-ಭಂಡಾರದ ಪೊಟ್ಟಣ ಕೊಟ್ಟು, ಮನೆಯಾಕೆಯ ಆರೋಗ್ಯ ಕೇಳಿದಳು. ಚಲೋ ಐತಿ ಎಂದರು ಶಮಶೇರಸಾಬರು. ಪೊಟ್ಟಣವನ್ನು ಎರಡೂ ಕೈಯಿಂದ ತೆಗೆದುಕೊಂಡು, ಹನ್ನೊಂದೂ ಹತ್ತರ ಬಸ್ಸಿಗೆಂದು ಲಗುಬಗೆಯಿಂದ ಇಳಿದು ಬಂದರು. ಅದು ಹನ್ನೊಂದೂವರೆಯವರೆಗೂ ಬಂದಿರಲಿಲ್ಲ.